ಕ್ಯಾಂಡಿಡಾ ಸೋಂಕು

ಕ್ಯಾಂಡಿಡಾ ಕುಲದ ಯೀಸ್ಟ್‌ಗಳಿಂದ, ಹೆಚ್ಚಾಗಿ ಕ್ಯಾಂಡಿಡಾ ಆಲ್ಬಿಕಾನ್ಸ್ ಪ್ರಭೇದದಿಂದ, ಬರುವ ಶಿಲೀಂಧ್ರ ರೋಗ. ಆರೋಗ್ಯವಂತರ ಬಾಯಿ, ಕರುಳು, ಯೋನಿಗಳಲ್ಲಿ ಈ ಯೀಸ್ಟ್ ತೊಂದರೆ ಕೊಡದೆ ನೆಲೆಸಿರುತ್ತದೆ. ಪ್ರತಿಜೀವಕಗಳು ಅದರ ಜೊತೆಗಿರುವ ಬ್ಯಾಕ್ಟೀರಿಯಾಗಳನ್ನು ಕೊಂದಾಗ, ಇಲ್ಲವೇ ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಬಸಿರು, ಸ್ಟೀರಾಯ್ಡ್ ಸೇವನೆ, ಎಚ್‌ಐವಿ ಮುಂತಾದವುಗಳಿಂದ ಸಮತೋಲನ ಕೆಟ್ಟಾಗ, ಅದರ ದುಂಡನೆಯ ಕೋಶಗಳು ಎಳೆಗಳಾಗಿ ಚಾಚಿಕೊಂಡು ಅಂಗಾಂಶದೊಳಕ್ಕೆ ಇಳಿಯುತ್ತವೆ.

ಹಸುಗೂಸುಗಳಲ್ಲಿ, ಹಲ್ಲಿನ ಸೆಟ್ಟು ಹಾಕಿಕೊಳ್ಳುವ ವೃದ್ಧರಲ್ಲಿ ಬಾಯೊಳಗೆ ಬಿಳಿ ಪದರ ಕಟ್ಟುತ್ತದೆ. ಬೆವರು ನಿಲ್ಲುವ ತೊಡೆಸಂದು ಕೆಂಪಾಗಿ ತುರಿಸುತ್ತದೆ. ಸುಮಾರು ಮುಕ್ಕಾಲು ಪಾಲು ಹೆಂಗಸರಿಗೆ ಬದುಕಿನಲ್ಲಿ ಒಮ್ಮೆಯಾದರೂ ಯೋನಿಯ ಸೋಂಕು ತಗಲುತ್ತದೆ: ವಿಪರೀತ ತುರಿಕೆ, ಉರಿಮೂತ್ರ, ಒಡೆದ ಮೊಸರಿನಂಥ ಗಟ್ಟಿ ಸ್ರಾವ. ಇದನ್ನು ‘ಉಷ್ಣ’ವೆಂದು ತಿಂಗಳುಗಟ್ಟಲೆ ಸಹಿಸಿಕೊಳ್ಳುವವರು ನಮ್ಮಲ್ಲಿ ಬಹಳ, ವಾಸ್ತವದಲ್ಲಿ ಕ್ಲೋಟ್ರಿಮಜೋಲ್‌ನಂಥ ಔಷಧಿಗೆ ಇದು ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಬಗ್ಗುತ್ತದೆ. ಫ್ಲುಕೊನಜೋಲ್ ಗುಳಿಗೆಯನ್ನು ಮಾತ್ರ ಗರ್ಭಿಣಿಯರು ವೈದ್ಯರನ್ನು ಕೇಳದೆ ನುಂಗಬಾರದು. ಎಲ್ಲ ಬಿಳಿ ಸ್ರಾವವೂ ಯೀಸ್ಟ್‌ನಿಂದಲೇ ಬರುವುದಿಲ್ಲವಾದ್ದರಿಂದ, ಪದೇಪದೇ ಮರುಕಳಿಸಿದರೆ ಸ್ರಾವದ ಪರೀಕ್ಷೆಯ ಜೊತೆಗೆ ರಕ್ತದ ಸಕ್ಕರೆಯನ್ನೂ ನೋಡಿಸಬೇಕು.

ದಣಿವು, ಮರೆವು, ತಲೆನೋವುಗಳಿಗೆಲ್ಲ ಕರುಳಿನ ಯೀಸ್ಟೇ ಕಾರಣವೆಂದು ವಿಶೇಷ ಪಥ್ಯ ಮಾರುವವರ ವಾದಕ್ಕೆ ಗಟ್ಟಿ ಆಧಾರವಿಲ್ಲ.

ನಿಜವಾದ ಅಪಾಯವಿರುವುದು ತೀವ್ರ ನಿಗಾ ಘಟಕಗಳಲ್ಲಿ. ರಕ್ತನಾಳದ ಕೊಳವೆಗಳ ಮೂಲಕ ಯೀಸ್ಟ್ ರಕ್ತ ಸೇರಿದರೆ ಕಣ್ಣು, ಮೂತ್ರಪಿಂಡ, ಹೃದಯ ಕವಾಟಗಳಿಗೆ ಹಬ್ಬಿ ಪ್ರಾಣಕ್ಕೆ ಎರವಾಗಬಲ್ಲದು. 2009ರಲ್ಲಿ ಜಪಾನಿನ ರೋಗಿಯೊಬ್ಬರ ಕಿವಿಯಲ್ಲಿ ಗುರುತಿಸಲಾದ ಕ್ಯಾಂಡಿಡಾ ಆರಿಸ್ ಹಲವು ಔಷಧಿಗಳಿಗೆ ಜಗ್ಗುವುದಿಲ್ಲ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನೂ ಆಲ್ಬಿಕಾನ್ಸನ್ನೂ ಅತ್ಯಂತ ಗಂಭೀರ ಶಿಲೀಂಧ್ರಗಳ ಗುಂಪಿಗೆ ಸೇರಿಸಿತು.