ಮಾಯಕೊಂಡದ ಕದನ ಬರೀ ಗಡಿಜಗಳವಲ್ಲ

1748ರಲ್ಲಿ ಮಾಯಕೊಂಡದ ಕಣದಲ್ಲಿ ಚಿತ್ರದುರ್ಗದ ಹಿರಿಯ ಮದಕರಿನಾಯಕ ಮಡಿದ. ಎದುರಿಗಿದ್ದದ್ದು ಬಿದನೂರು, ಹರಪನಹಳ್ಳಿ, ರಾಯದುರ್ಗ, ಸವಣೂರುಗಳ ಕೂಟ. ಇದನ್ನು ಗಡಿತಂಟೆ ಎಂದು ಹೇಳಿ ಮುಗಿಸುವುದು ರೂಢಿ, ನನಗದು ಒಪ್ಪಿಗೆಯಿಲ್ಲ. ಮದಕರಿಯನ್ನು ಕೊಂದ ಸೋಮಶೇಖರನಾಯಕ ಪಕ್ಕದ ಹರಪನಹಳ್ಳಿಯ ಪಾಳೆಯಗಾರ. ದುರ್ಗದ ಪರ ಕಾದಾಡಿ, ಮಗನನ್ನು ಕಳೆದುಕೊಂಡು ಸೆರೆಸಿಕ್ಕವನಾದರೋ ದೂರದ ಆರ್ಕಾಟಿನ ಗಾದಿಗೆ ಕಣ್ಣಿಟ್ಟಿದ್ದ ಚಂದಾಸಾಹೇಬ. ಅವನು ತನ್ನನ್ನು ಹಿಡಿದ ಬಿದನೂರಿನ ಸರದಾರರನ್ನೇ ಒಲಿಸಿಕೊಂಡು ಪಾರಾದ. ಮರುವರ್ಷ ಫ್ರೆಂಚರ ನೆರವಿನಿಂದ, ಅದೇ ಗಾದಿಗಾಗಿ ಆಂಬೂರಿನಲ್ಲಿ ನಡೆದ ಕಾಳಗ ಗೆದ್ದ. ಒಂದು ಅರಮನೆಯ ಗಾದಿ ವ್ಯಾಜ್ಯಕ್ಕೆ ಮತ್ತೊಂದು ಸೀಮೆಯ ಹೊಲಗಳಲ್ಲಿ ನೆತ್ತರು ಹರಿಯುತ್ತಿದ್ದ ಕಾಲವದು.

ಕೋಟೆ, ಕಂದಾಯ, ಹಳ್ಳಿಗಳ ಆಸೆಯೇ ಸಾಲದೆ, ಅರಮನೆಗಳ ಒಳರಾಜಕಾರಣವನ್ನೇಕೆ ಎಳೆತರಬೇಕು ಎಂದು ಕೇಳಬಹುದು. ಆಸೆ ಇತ್ತು, ನಿಜ; ಮುಂದೆ ಚಿತ್ರದುರ್ಗದ ಕಸ್ತೂರಿ ರಂಗಪ್ಪನಾಯಕ ಮಾಯಕೊಂಡವನ್ನು ಮರಳಿ ಗೆದ್ದದ್ದೂ ಅದಕ್ಕೇ. ಆದರೆ ಗೆದ್ದ ಕೋಟೆ ಯಾರನ್ನೂ ಉಳಿಸಲಿಲ್ಲ. ಬಿದನೂರಿನ ಗತಿ ನೋಡಿ: ರಾಣಿ ವೀರಮ್ಮಾಜಿಯ ವಿರುದ್ಧ ಗಾದಿಯ ಹಕ್ಕುದಾರನೆಂದು ಹೇಳಿಕೊಂಡ ಚನ್ನಬಸಪ್ಪ ಮೈಸೂರಿನ ಹೈದರಾಲಿಯ ಮೊರೆಹೊಕ್ಕ. ಅದಕ್ಕೆ ದಾರಿ ಮಾಡಿಕೊಟ್ಟದ್ದು ಚಿತ್ರದುರ್ಗ, ಅಂದರೆ ಮಾಯಕೊಂಡದಲ್ಲಿ ಸೋತವರೇ. ಮನೆಯ ಜಗಳಕ್ಕೆ ಹೊರಗಿನವನನ್ನು ಕರೆದ ಆ ತಪ್ಪನ್ನು ಗಡಿಯ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ. 1763ರಲ್ಲಿ ಹೈದರ್ ಬಿದನೂರನ್ನು ಹಕ್ಕುದಾರನಿಗೂ ಕೊಡದೆ, ರಾಣಿಗೂ ಬಿಡದೆ ತಾನೇ ಇಟ್ಟುಕೊಂಡ. 1779ರಲ್ಲಿ ಚಿತ್ರದುರ್ಗವೂ ಅವನ ವಶವಾಯಿತು.