ಡಿಮ್ಮರ್ ಇರುವ ಎಲ್‌ಇಡಿ ಹಾಕುವ ಮುನ್ನ: ಅಂಗಡಿ, ಮನೆಗೆ ಬೇಕಾದ ಬೆಳಕಿನ ಲೆಕ್ಕ

ನೀಲಗಿರಿ ಜಿಲ್ಲೆಯ ಕೂನೂರು ಸಮೀಪದ ಹುಬ್ಬತಲೈ ಬಡಗರ ಊರು. ಸುತ್ತಲೂ ಚಹಾ ತೋಟ. ಇಂಥ ಬೆಟ್ಟದೂರಿನಲ್ಲಿ ಬೆಳಗ್ಗೆ ಹತ್ತು ಗಂಟೆಗೆ ಒಳ್ಳೆ ಬಿಸಿಲಿದ್ದರೂ ಸ್ವಲ್ಪ ಹೊತ್ತಿನಲ್ಲೇ ಮಂಜು ಕವಿದು ಒಳಗೆ ಕತ್ತಲಾಗ್ತದೆ. ಕರಾವಳಿಯಲ್ಲೂ ಆಟಿ ತಿಂಗಳ ಮಳೆಗೆ ಇದೇ ಕಥೆ. ಬಾಗಿಲಿನಿಂದ ಬರುವ ಬೆಳಕು ಗಂಟೆಗೊಮ್ಮೆ ಬದಲಾಗುವ ಇಂಥ ಕಡೆ, ಬೆಳಕನ್ನು ಏರಿಸಿ ತಗ್ಗಿಸಲು ಬರುವ ಡಿಮ್ಮರ್ ಎಲ್‌ಇಡಿ ನಿಜಕ್ಕೂ ಉಪಯೋಗಕ್ಕೆ ಬರ್ತದೆ.

ಆದರೆ ಒಂದು ಮಾತು ನೆನಪಿರಲಿ. ಡಿಮ್ಮರ್ ಬೆಳಕನ್ನು ತಗ್ಗಿಸಬಲ್ಲದು, ಇಲ್ಲದ ಬೆಳಕನ್ನು ಹುಟ್ಟಿಸಲಾರದು. ಆದ್ದರಿಂದ ಅತಿ ಹೆಚ್ಚು ಬೆಳಕು ಬೇಕಾದ ಹೊತ್ತಿಗೆ ಲೆಕ್ಕ ಹಾಕಿ ದೀಪ ಹಾಕಬೇಕು, ಆಮೇಲೆ ತಗ್ಗಿಸಬೇಕು. ಅಂದಾಜಿಗೆ ಹಾಕಿದರೆ ಒಂದೋ ಕಣ್ಣಿಗೆ ಕಷ್ಟ, ಇಲ್ಲವೇ ಕಿಸೆಗೆ ನಷ್ಟ.

ವ್ಯಾಟ್ ಅಲ್ಲ, ಲುಮೆನ್ ನೋಡಿ

ವ್ಯಾಟ್ ಅಂದರೆ ದೀಪ ತಿನ್ನುವ ಕರೆಂಟು. ಲುಮೆನ್ ಅಂದರೆ ದೀಪ ಕೊಡುವ ಒಟ್ಟು ಬೆಳಕು; ಇದು ಬಾಕ್ಸ್ ಮೇಲೆ ಬರೆದಿರ್ತದೆ. ಲಕ್ಸ್ ಅಂದರೆ ಒಂದು ಚದರ ಮೀಟರ್ ಜಾಗದ ಮೇಲೆ ಬೀಳುವ ಲುಮೆನ್. ಬಿಲ್ಲು ಓದಲು, ತಕ್ಕಡಿ ನೋಡಲು, ಮಕ್ಕಳು ಬರೆಯಲು ಬೇಕಾಗುವುದು ಮೇಜಿನ ಮೇಲಿನ ಲಕ್ಸ್.

ಒಳಾಂಗಣ ಬೆಳಕಿಗೆ ಭಾರತದ ಮಾನದಂಡ ಐಎಸ್ 3646. ಅದರ ಪ್ರಕಾರ ತರಗತಿಗೆ, ಓದುವ ಕೋಣೆಗೆ, ಅಡುಗೆಮನೆಯ ಕೆಲಸದ ಜಾಗಕ್ಕೆ ಸಾಮಾನ್ಯವಾಗಿ 300 ಲಕ್ಸ್, ಮೆಟ್ಟಿಲಿಗೆ 100 ಲಕ್ಸ್ ಬೇಕು. ಮದ್ರಸದ ತರಗತಿಗೂ ಇದೇ ಅಳತೆ ಹಿಡಿಯಬಹುದು. ವಯಸ್ಸಾದವರಿಗೆ ಇದಕ್ಕಿಂತ ಹೆಚ್ಚು ಬೆಳಕು ಬೇಕಾಗ್ತದೆ.

ಲೆಕ್ಕದ ಸೂತ್ರ

ಬೇಕಾದ ಒಟ್ಟು ಲುಮೆನ್ = (ಲಕ್ಸ್ × ಚದರ ಮೀಟರ್) ÷ (ಬಳಕೆ ಅಂಶ × ನಿರ್ವಹಣೆ ಅಂಶ)

ಬಳಕೆ ಅಂಶ: ದೀಪದಿಂದ ಹೊರಟ ಬೆಳಕಿನಲ್ಲಿ ಕೆಲಸದ ಜಾಗಕ್ಕೆ ಮುಟ್ಟುವ ಪಾಲು. ಬಿಳಿ ಸೀಲಿಂಗ್, ತಿಳಿ ಬಣ್ಣದ ಗೋಡೆ ಇದ್ದರೆ ಸುಮಾರು 0.5ರಿಂದ 0.6. ಮರದ ಸೀಲಿಂಗ್, ಕಪ್ಪು ಗೋಡೆ ಇದ್ದರೆ ಇನ್ನೂ ಕಡಿಮೆ. ಮೇಲಿನವರೆಗೆ ಸಾಮಾನು ಜೋಡಿಸಿದ ರ‍್ಯಾಕ್ ಕೂಡ ಕಪ್ಪು ಗೋಡೆಯ ಲೆಕ್ಕವೇ. ನಿಖರ ಅಂಕಿ ಬೇಕಾದರೆ ಫಿಟ್ಟಿಂಗ್ ಕಂಪನಿಯ ಪಟ್ಟಿ ನೋಡಬೇಕು.

ನಿರ್ವಹಣೆ ಅಂಶ: ಧೂಳು ಕೂತು, ಎಲ್‌ಇಡಿ ಹಳತಾಗಿ ಬೆಳಕು ಕುಗ್ಗುವುದಕ್ಕೆ ಬಿಡುವ ಪಾಲು. ಸಾಮಾನ್ಯ ಅಂಗಡಿ, ಮನೆಗೆ 0.8 ಹಿಡಿಯಬಹುದು.

ಅಡಿಯಲ್ಲಿ ಅಳೆದಿದ್ದರೆ ಚದರ ಅಡಿಯನ್ನು 10.76ರಿಂದ ಭಾಗಿಸಿದರೆ ಚದರ ಮೀಟರ್ ಸಿಗ್ತದೆ.

ಒಂದು ಅಂಗಡಿಯ ಉದಾಹರಣೆ

ಹುಬ್ಬತಲೈಯಂಥ ಊರಿನಲ್ಲಿ 20 ಅಡಿ ಉದ್ದ, 15 ಅಡಿ ಅಗಲದ ದಿನಸಿ ಅಂಗಡಿ ಇದೆ ಎಂದುಕೊಳ್ಳಿ. 300 ಚದರ ಅಡಿ ಅಂದರೆ ಸುಮಾರು 28 ಚದರ ಮೀಟರ್. ಕೌಂಟರ್ ಮೇಲೆ 300 ಲಕ್ಸ್ ಬೇಕು. ಬಳಕೆ ಅಂಶ 0.6, ನಿರ್ವಹಣೆ ಅಂಶ 0.8 ಇರಲಿ.

300 × 28 = 8,400. ಇದನ್ನು 0.48ರಿಂದ ಭಾಗಿಸಿದರೆ 17,500 ಲುಮೆನ್.

18 ವ್ಯಾಟಿನ, 1,800 ಲುಮೆನ್ ಕೊಡುವ ಪ್ಯಾನಲ್ ಲೈಟ್ ಆದರೆ ಹತ್ತು ಬೇಕು. ಐದೈದರ ಎರಡು ಸಾಲು ಮಾಡಬಹುದು. ದುಡ್ಡು ಉಳಿಸಲು ಆರೇ ಹಾಕಿದರೆ ಸಿಗುವುದು ಸುಮಾರು 185 ಲಕ್ಸ್. ಮಂಜು ಕವಿದ ದಿನ ಡಿಮ್ಮರ್ ಪೂರ್ತಿ ತಿರುಗಿಸಿದರೂ ಅದಕ್ಕಿಂತ ಹೆಚ್ಚು ಬರುವುದಿಲ್ಲ.

ಡಿಮ್ಮರ್ ಲಾಭ ಎಲ್ಲಿದೆ?

ಮೇಲಿನ ಲೆಕ್ಕದಲ್ಲಿ ಧೂಳಿಗೆ, ಹಳತಾಗುವುದಕ್ಕೆ ಅಂತ ಬಿಟ್ಟ ಪಾಲು ಹೊಸ ದೀಪದಲ್ಲಿ ಖರ್ಚಾಗಿರುವುದಿಲ್ಲ. ಹಾಗಾಗಿ ಮೊದಲ ದಿನ ಆ ಹತ್ತು ದೀಪ ಸುಮಾರು 386 ಲಕ್ಸ್ ಕೊಡ್ತವೆ. ಬೇಕಾದ್ದು 300. ಅಂದರೆ ಬೆಳಕನ್ನು ಸುಮಾರು 78 ಶೇಕಡಾಕ್ಕೆ ಇಳಿಸಿದರೂ ಸಾಕು. ದೀಪ ಹಳತಾದ ಹಾಗೆ ನಿಧಾನಕ್ಕೆ ಏರಿಸುತ್ತಾ ಹೋಗಬಹುದು.

ಹತ್ತು ದೀಪ ದಿನಕ್ಕೆ 12 ಗಂಟೆ ಪೂರ್ತಿ ಉರಿದರೆ 2.16 ಯುನಿಟ್, ತಿಂಗಳಿಗೆ ಸುಮಾರು 65 ಯುನಿಟ್. 78 ಶೇಕಡಾಕ್ಕೆ ಇಳಿಸಿದರೆ ತಿಂಗಳಿಗೆ ಹೆಚ್ಚುಕಡಿಮೆ 14 ಯುನಿಟ್ ಉಳಿತಾಯ. ಬಿಸಿಲಿರುವ ದಿನ ಹೊರಗಿನ ಬೆಳಕೇ ಕೌಂಟರ್ ಮೇಲೆ 200 ಲಕ್ಸ್ ಕೊಟ್ಟರೆ ದೀಪದಿಂದ ಬೇಕಾದ್ದು 100 ಲಕ್ಸ್ ಮಾತ್ರ. ಆಗ 26 ಶೇಕಡಾ ಬೆಳಕು ಸಾಕು. ಬಾಗಿಲ ಪಕ್ಕದ ದೀಪಗಳಿಗೆ ಪ್ರತ್ಯೇಕ ಡಿಮ್ಮರ್ ಇಟ್ಟರೆ ಒಳಗಿನ ಮೂಲೆ ಕತ್ತಲಾಗುವುದಿಲ್ಲ.

ಗುಂಡಿಯನ್ನೂ ಕಣ್ಣನ್ನೂ ನಂಬಬೇಡಿ

ಡಿಮ್ಮರ್ ಗುಂಡಿ ಅರ್ಧಕ್ಕೆ ಬಂದರೆ ಬೆಳಕೂ ಅರ್ಧ ಆಯ್ತು ಎಂದು ಹೇಳಲಾಗದು. ದೊಡ್ಡ ಸಭಾಂಗಣ, ಆಫೀಸುಗಳಲ್ಲಿ ಬಳಸುವ ಡಾಲಿ ಪದ್ಧತಿಯಲ್ಲಿ 254 ಮಟ್ಟಗಳಿವೆ. ಅದರ ಸಾಮಾನ್ಯ ಹೊಂದಾಣಿಕೆಯಲ್ಲಿ 170ನೇ ಮಟ್ಟಕ್ಕೆ, ಅಂದರೆ ಮೂರರಲ್ಲಿ ಎರಡು ಪಾಲು ಏರಿಸಿದಾಗಲೂ, ಬರುವ ಬೆಳಕು ಸುಮಾರು 10 ಶೇಕಡಾ ಮಾತ್ರ.

ಹೀಗೆ ಮಾಡಿರುವುದು ಕಣ್ಣಿನ ಸ್ವಭಾವಕ್ಕೆ ಹೊಂದಲಿ ಅಂತ. ಬೆಳಕು ನಾಲ್ಕನೇ ಒಂದಕ್ಕೆ ಇಳಿದರೂ ಕಣ್ಣಿಗೆ ಅರ್ಧ ಇದ್ದಂತೆ ಕಾಣ್ತದೆ. 'ಪರವಾಗಿಲ್ಲ, ಸಾಕು' ಎಂದು ಮಕ್ಕಳನ್ನು ಮಬ್ಬು ಬೆಳಕಲ್ಲಿ ಓದಲು ಕೂರಿಸುವುದು ಇದೇ ಕಾರಣಕ್ಕೆ. ಲಕ್ಸ್ ಮೀಟರ್ ಇಟ್ಟು ಕೌಂಟರ್ ಅಥವಾ ಮೇಜಿನ ಮೇಲೆ ಅಳೆದು, ಆ ಜಾಗಕ್ಕೆ ಗುಂಡಿಯಲ್ಲಿ ಗುರುತು ಹಾಕುವುದು ಒಳ್ಳೆಯದು. ಮೊಬೈಲ್ ಆ್ಯಪ್‌ನ ಅಂಕಿ ಫೋನಿನಿಂದ ಫೋನಿಗೆ ಬದಲಾಗ್ತದೆ. ಒಂದು ಮೂಲೆಗೂ ಇನ್ನೊಂದು ಮೂಲೆಗೂ ಹೋಲಿಸಲು ಮಾತ್ರ ಅದು ಸಾಕು.

ಮನೆಗೆ ಬೇರೆ ದಾರಿ

12×10 ಅಡಿಯ ಕೋಣೆಗೆಲ್ಲ 300 ಲಕ್ಸ್ ಕೊಡಬೇಕಾದರೆ, ಬಳಕೆ ಅಂಶ 0.5 ಹಿಡಿದರೂ 8,300 ಲುಮೆನ್ ಮೀರ್ತದೆ. ಅಂದರೆ 900 ಲುಮೆನ್ನಿನ ಒಂಬತ್ತಕ್ಕೂ ಹೆಚ್ಚು ಬಲ್ಬು! ಅದರ ಬದಲು ಮೂರ‍್ನಾಲ್ಕು ಬಲ್ಬಿನಿಂದ ಕೋಣೆಗೆ 100 ಲಕ್ಸ್ ಕೊಟ್ಟು, ಓದುವ ಮೇಜಿಗೆ ಪ್ರತ್ಯೇಕ ಟೇಬಲ್ ಲ್ಯಾಂಪ್ ಇಡುವುದು ಜಾಣತನ. ಸಣ್ಣ ದೀಪದ ದೂರ ಅರ್ಧ ಆದರೆ ಬೀಳುವ ಬೆಳಕು ಸುಮಾರು ನಾಲ್ಕು ಪಟ್ಟು ಆಗ್ತದೆ.

ಕೊಳ್ಳುವಾಗ ಗಮನಿಸಿ

* ಬಾಕ್ಸ್ ಮೇಲೆ 'ಡಿಮ್ಮಬಲ್' ಎಂದು ಬರೆದಿರದ ಎಲ್‌ಇಡಿಯನ್ನು ಡಿಮ್ಮರ್‌ಗೆ ಹಾಕಬೇಡಿ. ಮಿಣುಕ್ತದೆ, ಬೇಗ ಕೆಡ್ತದೆ.
* ಫ್ಯಾನ್ ರೆಗ್ಯುಲೇಟರ್ ಡಿಮ್ಮರ್ ಅಲ್ಲ. ಅದಕ್ಕೆ ಎಲ್‌ಇಡಿ ಜೋಡಿಸಬೇಡಿ.
* ಹಳೆಯ ಡಿಮ್ಮರ್‌ಗಳು ತಂತಿ ಬಲ್ಬಿನ ದೊಡ್ಡ ಲೋಡಿಗೆ ಮಾಡಿದವು. ಒಂದೆರಡು ಎಲ್‌ಇಡಿಯ ಲೋಡು ಸಾಲದೆ ದೀಪ ಮಿಣುಕಬಹುದು. ಡಿಮ್ಮರ್‌ನ ಕನಿಷ್ಠ ಲೋಡು ಕೇಳಿಯೇ ತನ್ನಿ.
* 0–10 ವೋಲ್ಟ್ ಡಿಮ್ಮಿಂಗ್ ಇರುವ ಪ್ಯಾನಲ್‌ಗೆ ಎರಡು ವಯರು ಹೆಚ್ಚುವರಿ ಬೇಕು. ಫಾಲ್ಸ್ ಸೀಲಿಂಗ್ ಮುಚ್ಚುವ ಮೊದಲೇ ಇಲೆಕ್ಟ್ರಿಷಿಯನ್‌ಗೆ ಹೇಳಿ ಎಳೆಸಿ.
* ಕಡಿಮೆ ಬೆಳಕಿಗೆ ಇಳಿಸಿ ಮೊಬೈಲ್ ಕ್ಯಾಮೆರಾದಲ್ಲಿ ನೋಡಿ. ದಪ್ಪ ಪಟ್ಟಿಗಳು ಓಡಿದರೆ ಮಿಣುಕು ಇದೆ ಎಂದು ಅರ್ಥ. ಓದುವ ಜಾಗಕ್ಕೆ ಅಂಥದ್ದು ಬೇಡ.

ಅಂಗಡಿಗೆ ಹೋಗುವ ಮುಂಚೆ ಕೋಣೆಯ ಉದ್ದ, ಅಗಲ, ಗೋಡೆಯ ಬಣ್ಣ, ಬೇಕಾದ ಲಕ್ಸ್ ನಾಲ್ಕನ್ನೂ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. 'ಎಷ್ಟು ವ್ಯಾಟಿಂದು ಕೊಡಲಿ?' ಎಂದು ಕೇಳಿದರೆ 'ಇದು ಎಷ್ಟು ಲುಮೆನ್?' ಎಂದು ತಿರುಗಿ ಕೇಳಿ. ಹತ್ತು ನಿಮಿಷದ ಈ ಲೆಕ್ಕ ವರ್ಷಗಟ್ಟಲೆ ಕರೆಂಟ್ ಬಿಲ್ಲಿನಲ್ಲೂ ಮನೆಮಂದಿಯ ಕಣ್ಣಿನಲ್ಲೂ ಉಳಿತಾಯ ಮಾಡ್ತದೆ.