ವಿದ್ಯಾರ್ಥಿಗಳಿಗೆ ಸುವಾರ್ತಾ ಸೇವೆಯ ತರಬೇತಿ: ಕಾಲೇಜು ಮತ್ತು ಧರ್ಮಕೇಂದ್ರಗಳ ಸಹಭಾಗಿತ್ವ

ಮಳೆಗಾಲ ಶುರುವಾಗಿ ಕಾಲೇಜುಗಳು ತೆರೆದ ಮೇಲೆ ಮಂಗಳೂರಿನ ಚರ್ಚುಗಳಲ್ಲಿ ಭಾನುವಾರದ ಬಲಿಪೂಜೆಗೆ ಹೊಸ ಮುಖಗಳು ಕಾಣಿಸಿಕೊಳ್ಳುತ್ತವೆ. ಚಿಕ್ಕಮಗಳೂರು, ಶಿವಮೊಗ್ಗ, ಕಾರವಾರ, ಕೇರಳದ ಕಡೆಯಿಂದ ನರ್ಸಿಂಗ್, ಎಂಜಿನಿಯರಿಂಗ್, ಪದವಿ ಓದಲು ಬಂದ ಮಕ್ಕಳು. ಹಿಂದಿನ ಬೆಂಚಿನಲ್ಲಿ ಕುಳಿತು, ಕೊನೆಯ ಆಶೀರ್ವಾದ ಮುಗಿದ ಕೂಡಲೇ ಹಾಸ್ಟೆಲಿಗೆ ಮರಳುತ್ತಾರೆ. ಮೂರು ನಾಲ್ಕು ವರ್ಷ ಹೀಗೇ ಕಳೆಯುತ್ತದೆ. ಹುಟ್ಟೂರಿನ ಧರ್ಮಕೇಂದ್ರಕ್ಕೆ ಅವರು ‘ಹೊರಗೆ ಇರುವವರು’; ಇಲ್ಲಿಯವರಿಗೆ ‘ಹೊರಗಿನಿಂದ ಬಂದವರು’. ಸುವಾರ್ತೆಯ ಸೇವೆಗೆ ವಿದ್ಯಾರ್ಥಿಗಳನ್ನು ಸಿದ್ಧಗೊಳಿಸುವ ಮಾತು ಬಂದಾಗ ಮೊದಲು ನೋಡಬೇಕಾದುದು ಇವರನ್ನು.

ಧರ್ಮಸಭೆಯ ಕಾನೂನು ಈ ವಿಷಯದಲ್ಲಿ ನಮಗಿಂತ ಉದಾರವಾಗಿದೆ. 1983ರ ಕಾನೂನು ಸಂಹಿತೆಯ 102ನೇ ಕಲಮಿನ ಪ್ರಕಾರ, ಒಂದು ಧರ್ಮಕೇಂದ್ರದ ವ್ಯಾಪ್ತಿಯಲ್ಲಿ ಕನಿಷ್ಠ ಮೂರು ತಿಂಗಳು ಇರುವ ಉದ್ದೇಶದಿಂದ ನೆಲೆಸಿದವರು ಅಥವಾ ಮೂರು ತಿಂಗಳು ನಿಜವಾಗಿಯೂ ಇದ್ದವರು ಅಲ್ಲಿ ತಾತ್ಕಾಲಿಕ ನಿವಾಸದ ಸ್ಥಾನ ಪಡೆಯುತ್ತಾರೆ. 107ನೇ ಕಲಮು ಇಂಥವರಿಗೂ ಅಲ್ಲಿನ ವಿಚಾರಣಾ ಗುರುಗಳೇ ಗುರುಗಳು ಎನ್ನುತ್ತದೆ. ಅಂದರೆ ಹಾಸ್ಟೆಲಿನ ವಿದ್ಯಾರ್ಥಿನಿ ಅತಿಥಿಯಲ್ಲ, ನಮ್ಮದೇ ಧರ್ಮಕೇಂದ್ರದವಳು. 813ನೇ ಕಲಮು ಇನ್ನೂ ಮುಂದೆ ಹೋಗಿ, ವಿದ್ಯಾರ್ಥಿಗಳ ಪಾಲನೆಗಾಗಿ ಧರ್ಮಾಧ್ಯಕ್ಷರು ಪ್ರತ್ಯೇಕ ಧರ್ಮಕೇಂದ್ರವನ್ನೇ ಸ್ಥಾಪಿಸಬಹುದು, ಇಲ್ಲವಾದರೆ ಕಾಯಂ ಗುರುಗಳನ್ನಾದರೂ ನೇಮಿಸಬೇಕು ಎಂದು ಹೇಳುತ್ತದೆ. ಸೆಮಿನರಿಯಲ್ಲಿ ಪರೀಕ್ಷೆಗಾಗಿ ಓದಿದ ಈ ಕಲಮುಗಳ ಬೆಲೆ ನನಗೆ ತಿಳಿದದ್ದು ಬಹಳ ವರ್ಷಗಳ ನಂತರ.

ಇನ್ನು ತರಬೇತಿ. ಸುವಾರ್ತಾ ಪ್ರಸಾರವೆಂದರೆ ಕರಪತ್ರ ಹಂಚುವುದು, ವೇದಿಕೆಯಲ್ಲಿ ಸಾಕ್ಷ್ಯ ಹೇಳುವುದು ಎಂಬ ಕಲ್ಪನೆ ಹಲವರಲ್ಲಿದೆ. ಪೋಪ್ ಆರನೇ ಪೌಲ್ 1975ರ ಡಿಸೆಂಬರ್ 8ರಂದು ಹೊರಡಿಸಿದ ‘ಇವಾಂಜೆಲಿಯಿ ನುನ್ಸಿಯಾಂದಿ’ ಪತ್ರ ಬದುಕಿನ ಸಾಕ್ಷ್ಯವನ್ನೇ ಮೊದಲ ಸಾಧನವೆಂದು ಪರಿಗಣಿಸುತ್ತದೆ. ಅದಕ್ಕೂ ಹತ್ತು ವರ್ಷ ಮೊದಲು, 1965ರ ನವೆಂಬರ್ 18ರಂದು, ದ್ವಿತೀಯ ವ್ಯಾಟಿಕನ್ ಮಹಾಸಭೆಯು ಶ್ರೀಸಾಮಾನ್ಯರ ಪ್ರೇಷಿತ ಕಾರ್ಯದ ಬಗ್ಗೆ ಆದೇಶವನ್ನು ಪ್ರಕಟಿಸಿತು. ಯುವಜನರಿಗೆ ಮೊದಲ ಪ್ರೇಷಿತರು ಯುವಜನರೇ ಆಗಬೇಕೆಂಬುದು ಅದರ ಆಶಯ. ತರಬೇತಿಗೆಂದೇ ಅದರಲ್ಲಿ ಇಡೀ ಆರನೇ ಅಧ್ಯಾಯ ಮೀಸಲಾಗಿದೆ. ಮನೆ, ಶಾಲೆ, ಧರ್ಮಕೇಂದ್ರ, ಸಂಘಟನೆ ಎಲ್ಲಕ್ಕೂ ಅಲ್ಲಿ ಪಾಲಿದೆ.

‘ನೋಡು, ವಿವೇಚಿಸು, ಕಾರ್ಯಗೈ’ ಎಂಬ ಕ್ರಮ ನಮ್ಮ ವೈ.ಸಿ.ಎಸ್. ಮಕ್ಕಳಿಗೆಲ್ಲ ಬಾಯಿಪಾಠ. ಇದನ್ನು ರೂಪಿಸಿದ ಬೆಲ್ಜಿಯಂನ ಜೋಸೆಫ್ ಕಾರ್ಡೈನ್ (1882–1967) ವಿಶ್ವವಿದ್ಯಾಲಯದ ಕೊಠಡಿಯಲ್ಲಿ ಕುಳಿತು ಇದನ್ನು ಬರೆಯಲಿಲ್ಲ. 1912ರಲ್ಲಿ ಬ್ರಸೆಲ್ಸ್ ಬಳಿಯ ಲಾಕೆನ್ ಧರ್ಮಕೇಂದ್ರಕ್ಕೆ ಸಹಾಯಕ ಗುರುಗಳಾಗಿ ಬಂದು, ಅಲ್ಲಿನ ದುಡಿಯುವ ಹುಡುಗಿಯರ ಜೊತೆ ಕೆಲಸ ಮಾಡುತ್ತ ಕಂಡುಕೊಂಡರು. 1925ರಲ್ಲಿ ಅವರ ಯುವ ಕಾರ್ಮಿಕರ ಸಂಘಟನೆ ರೂಪುಗೊಂಡಿತು. ವಿದ್ಯಾರ್ಥಿಗಳ ಸಂಘಟನೆಗಳು ಅದೇ ದಾರಿಯಲ್ಲಿ ಬೆಳೆದವು. 1961ರಲ್ಲಿ ಪೋಪ್ ಇಪ್ಪತ್ತಮೂರನೇ ಯೊವಾನ್ನರು ‘ಮಾತೆರ್ ಎತ್ ಮಜಿಸ್ತ್ರಾ’ ವಿಶ್ವಪತ್ರದಲ್ಲಿ ಈ ಕ್ರಮವನ್ನು ಮೆಚ್ಚಿ ಸೇರಿಸಿದರು. 1924ರಿಂದ ಇರುವ ಐಕಫ್, ಕೇರಳದಲ್ಲಿ ಹುಟ್ಟಿ 2016ರಲ್ಲಿ ವ್ಯಾಟಿಕನ್ನಿನ ಮನ್ನಣೆ ಪಡೆದ ಜೀಸಸ್ ಯೂತ್ ಮುಂತಾದವುಗಳ ಶೈಲಿ ಬೇರೆ ಬೇರೆ. ಅವುಗಳ ಚರ್ಚೆ ಇಲ್ಲಿ ಬೇಡ.

ನಾವು ಎಡವುವುದು ಶಿಬಿರದ ನಂತರ. ಮೂರು ದಿನಗಳ ಶಿಬಿರ, ಒಳ್ಳೆಯ ಹಾಡು, ಕಣ್ಣೀರು, ಸಂಕಲ್ಪ. ಒಮ್ಮೆ ನಾನೇ ಏರ್ಪಡಿಸಿದ ಶಿಬಿರದಿಂದ ಮರಳಿದ ಹುಡುಗನೊಬ್ಬ ಹಾಸ್ಟೆಲಿನ ಹತ್ತಿರದ ಚರ್ಚಿಗೆ ಹೋಗಿ, ‘ಫಾದರ್, ನಾನು ಏನು ಮಾಡಲಿ?’ ಎಂದು ಕೇಳಿದ. ಅಲ್ಲಿನ ಗುರುಗಳಿಗೆ ಶಿಬಿರ ನಡೆದದ್ದೇ ಗೊತ್ತಿರಲಿಲ್ಲ, ನಾನು ತಿಳಿಸಿರಲಿಲ್ಲ. ಹಬ್ಬದ ದಿನ ಕುರ್ಚಿ ಜೋಡಿಸುವ ಕೆಲಸ ಅವನಿಗೆ ಸಿಕ್ಕಿತು. ಮತ್ತೆ ಅವನು ಬರಲಿಲ್ಲ. ತಪ್ಪು ಆ ಗುರುಗಳದ್ದಲ್ಲ.

ಪ್ರಭು ಯೇಸು ಶಿಷ್ಯರನ್ನು ಇಬ್ಬಿಬ್ಬರಾಗಿ ಕಳುಹಿಸಿದ ಸಂಗತಿ ಲೂಕನ ಶುಭಸಂದೇಶದ ಹತ್ತನೇ ಅಧ್ಯಾಯದಲ್ಲಿದೆ. ಅವರು ಹಿಂತಿರುಗಿ ಬಂದು ನಡೆದುದನ್ನು ಹೇಳಿಕೊಂಡರು, ಪ್ರಭು ಕೇಳಿಸಿಕೊಂಡರು, ಅವರ ಉತ್ಸಾಹವನ್ನು ತಿದ್ದಿದರು ಎಂಬ ಭಾಗವನ್ನು ನಾವು ಬಿಟ್ಟೇ ಬಿಡುತ್ತೇವೆ. ಕಳುಹಿಸುವವರು, ಸ್ವೀಕರಿಸುವವರು, ಮರಳಿದಾಗ ಕೇಳುವವರು ಮೂವರೂ ಬೇಕು. ಕಾಲೇಜಿನ ನಿರ್ದೇಶಕರು ಕಳುಹಿಸಲಿ. ಧರ್ಮಕೇಂದ್ರವು ಒಂದು ವಾಳೆಯನ್ನು, ಅದರ ಗುರಿಕಾರರನ್ನು ತೋರಿಸಲಿ. ಇಬ್ಬರು ವಿದ್ಯಾರ್ಥಿಗಳು ಆ ವಾಳೆಯ ಕಿರು ಕ್ರೈಸ್ತ ಸಮುದಾಯದ ಕೂಟಕ್ಕೆ ತಿಂಗಳಿಗೊಮ್ಮೆ ಹೋಗಲಿ, ಹಾಸಿಗೆ ಹಿಡಿದ ಅಜ್ಜಿಯನ್ನು ಭೇಟಿ ಮಾಡಲಿ, ಧರ್ಮಶಿಕ್ಷಣದ ತರಗತಿಯಲ್ಲಿ ಶಿಕ್ಷಕಿಗೆ ನೆರವಾಗಲಿ. ಬಳಿಕ ಅರ್ಧ ಗಂಟೆ ಗುರುಗಳೊಂದಿಗೆ ಕುಳಿತು, ಏನು ಕಂಡೆವು, ಶುಭಸಂದೇಶದ ಬೆಳಕಿನಲ್ಲಿ ಅದೇನು, ಮುಂದೇನು ಎಂದು ಮಾತಾಡಲಿ. ಈ ಅರ್ಧ ಗಂಟೆಯೇ ತರಬೇತಿ. ಭಾಷೆಯ ತೊಡಕಿದೆ, ನಿಜ: ವಾಳೆಯ ಪ್ರಾರ್ಥನೆ ಕೊಂಕಣಿಯಲ್ಲಿ, ಹುಡುಗಿಯ ಮಾತು ಮಲಯಾಳದಲ್ಲಿ. ಆದರೆ ಅಜ್ಜಿಯ ಕೈ ಹಿಡಿದು ಕೂರಲು ಭಾಷೆಯ ಪರೀಕ್ಷೆ ಇಲ್ಲ.

ಹೆತ್ತವರ ಅಂಜಿಕೆಯನ್ನೂ ಹೇಳಬೇಕು. 2008ರ ಸೆಪ್ಟೆಂಬರ್ 14ರಂದು ಮಂಗಳೂರಿನಲ್ಲಿ ಆರಾಧನಾ ಮಠದ ಮೇಲೆ ನಡೆದ ದಾಳಿಯನ್ನು ನೆನೆದವರು, ‘ಸುವಾರ್ತೆ ಎಂಬ ಶಬ್ದವೇ ಬೇಡ ಫಾದರ್’ ಎನ್ನುವುದುಂಟು. ಅವರ ಆತಂಕವನ್ನು ಹಗುರವಾಗಿ ತಳ್ಳಿಹಾಕಬಾರದು. ಹಾಗಾಗಿ ಕಾನೂನನ್ನು ವಿದ್ಯಾರ್ಥಿಗಳಿಗೆ ಮೊದಲೇ ತಿಳಿಸುವುದು ತರಬೇತಿಯ ಭಾಗ. ಸಂವಿಧಾನದ 25ನೇ ವಿಧಿ ಧರ್ಮವನ್ನು ಪ್ರಚುರಪಡಿಸುವ ಹಕ್ಕನ್ನು ಕೊಟ್ಟಿದೆ. ಅದರಲ್ಲಿ ಮತ್ತೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲವೆಂದು ಸುಪ್ರೀಂ ಕೋರ್ಟ್ 1977ರ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ಹೇಳಿದೆ. ಪೂರ್ಣ ಸರ್ಕಾರಿ ವೆಚ್ಚದಲ್ಲಿ ನಡೆಯುವ ಕಾಲೇಜುಗಳಲ್ಲಿ ಧಾರ್ಮಿಕ ಬೋಧನೆ ಕೂಡದೆಂದು 28ನೇ ವಿಧಿ ಹೇಳುತ್ತದೆ. ಮಾನ್ಯತೆ ಅಥವಾ ಅನುದಾನ ಪಡೆದ ಸಂಸ್ಥೆಗಳಲ್ಲಿ ಒಪ್ಪಿಗೆಯಿಲ್ಲದೆ ಯಾರನ್ನೂ ಅದಕ್ಕೆ ಕೂರಿಸುವಂತಿಲ್ಲ. ಹದಿನೆಂಟು ತುಂಬದ ಪಿ.ಯು.ಸಿ. ಮಕ್ಕಳಿಗೆ ಪೋಷಕರ ಒಪ್ಪಿಗೆ ಬೇಕು. ಧರ್ಮಸಭೆಯೂ ಒತ್ತಾಯವನ್ನು ಒಪ್ಪುವುದಿಲ್ಲ. 748ನೇ ಕಲಮು ಸ್ಪಷ್ಟವಾಗಿದೆ. ಸರ್ಕಾರಿ ಕಾಲೇಜಿನಲ್ಲಿ ಓದುವ ನಮ್ಮ ಮಕ್ಕಳಿಗೆ ಧರ್ಮಕೇಂದ್ರವನ್ನು ಬಿಟ್ಟರೆ ಬೇರೆ ತರಬೇತಿ ಕೇಂದ್ರವಿಲ್ಲ ಎಂಬುದೂ ಇದರಿಂದ ತಿಳಿಯುತ್ತದೆ.

ಆರಂಭಿಸಲು ಹೆಚ್ಚು ಹಣ ಬೇಕಿಲ್ಲ. ಹುಟ್ಟೂರಿನ ವಿಚಾರಣಾ ಗುರುಗಳು ವಿದ್ಯಾರ್ಥಿಯ ಕೈಯಲ್ಲಿ ಒಂದು ಪರಿಚಯ ಪತ್ರ ಕೊಟ್ಟು ಕಳುಹಿಸಬಹುದು. ಹಾಸ್ಟೆಲ್ ಇರುವ ಧರ್ಮಕೇಂದ್ರದ ಪಾಲನಾ ಸಮಿತಿ ಒಂದು ಪುಸ್ತಕವಿಟ್ಟು ಆ ಹೆಸರನ್ನು, ಕೋರ್ಸ್ ಮುಗಿಯುವ ವರ್ಷವನ್ನು, ಒಪ್ಪಿಸಿದ ವಾಳೆಯನ್ನು ಬರೆದುಕೊಳ್ಳಬಹುದು. ಓದು ಮುಗಿಸಿ ಬೆಂಗಳೂರಿಗೋ ಕೊಲ್ಲಿ ರಾಷ್ಟ್ರಕ್ಕೋ ಹೊರಟಾಗ ಇನ್ನೊಂದು ಪತ್ರ, ಈ ಬಾರಿ ಇಲ್ಲಿಂದ, ಅವರು ಮಾಡಿದ ಸೇವೆಯ ವಿವರದೊಂದಿಗೆ ಅಲ್ಲಿನ ಗುರುಗಳಿಗೆ.